ಒಂದು ದಿನದ ಹಸು

"ಏ ಮುಂಡೇದೇ, ಸ್ವಲ್ಪ ನಗೋದು ಕಲಿಯೇ! ನಾಳೆ ಹಿಂಗೇ ಮೂತಿ ಗಂಟು ಹಾಕ್ಕೊಂಡು ನಿಂತ್ರೆ ಆ ಹಸು ನಿಂದು ಅಂತ ಯಾವ ಆಫೀಸರ್ ನಂಬ್ತಾನೆ? ಹಸು ಇಟ್ಕೊಂಡೋಳ ಮುಖ ಹಿಂಗಿರುತ್ತಾ?"

ಹಾಲು ಕರೆಯುವ ಹೆಂಗಸರನ್ನೆಲ್ಲ ಧಣಿ ತನ್ನ ಕೊಟ್ಟಿಗೆಯ ನಡುವೆ ಸಾಲಾಗಿ ನಿಲ್ಲಿಸಿಕೊಂಡಿದ್ದ. ನನ್ನ ಕೈಯಲ್ಲಿನ್ನೂ ಸಗಣಿ ಬುಟ್ಟಿ ಇತ್ತು. ಹಸು ಇಟ್ಟುಕೊಂಡಿದ್ದ ಕಾಲದಲ್ಲಿ ನನ್ನ ಮುಖ ಹೇಗಿತ್ತೋ ನನಗೇ ಮರೆತುಹೋಗಿತ್ತು. ಆದರೂ ಹಲ್ಲು ಕಿರಿದೆ.

"ಥೂ, ಬೇಡ ಬಿಡು. ಕರು ಹೆದರ್ಕೊಳ್ಳುತ್ತೆ," ಅಂದ.

ಅವನ ಬೆನ್ನ ಹಿಂದೆ ನಿಂತಿದ್ದ ಮೇಸ್ತ್ರಿ ಕಿಸಕ್ಕನೆ ನಕ್ಕ. ಧಣಿ ಎಲ್ಲಿ ಹೋದರೂ ಹಿಂದೆಯೇ ಅಲ್ಲಾಡುತ್ತಿರುತ್ತಾನೆಂದು ನಾವು ಅವನನ್ನು ಬಾಲ ಎಂದೇ ಕರೆಯುವುದು. ಎದುರಿಗಲ್ಲ, ಬಿಡಿ.

ಸಂಗತಿ ಇಷ್ಟೇ. ಹೊರಗಿನಿಂದ ಟ್ಯಾಂಕರುಗಳಲ್ಲಿ ಅಗ್ಗದ ಹಾಲು ಬರತೊಡಗಿದ ಮೇಲೆ ಊರ ಹಾಲನ್ನು ಕೇಳುವವರಿಲ್ಲದೆ ಒಂದೆರಡು ಹಸು ಸಾಕುತ್ತಿದ್ದವರೆಲ್ಲ ನೆಲಕಚ್ಚಿದ್ದರು. ಈಗ ಸರ್ಕಾರಕ್ಕೆ ನಿದ್ದೆಯಿಂದ ಎಚ್ಚರವಾಗಿತ್ತು. ಅಂಥವರಿಗೆ ತಿಂಗಳು ತಿಂಗಳು ಸಹಾಯಧನ, ಜೊತೆಗೆ ಮೇವು. ಆದರೆ ಮನೆಯಲ್ಲಿ ಎರಡಕ್ಕಿಂತ ಹೆಚ್ಚು ಹಸು ಇರಕೂಡದು. ಧಣಿಯ ಕೊಟ್ಟಿಗೆಯೋ, ಈ ತುದಿಯಲ್ಲಿ ನಿಂತು ಬೈದರೆ ಆ ತುದಿಯವರಿಗೆ ಕೇಳದಷ್ಟು ಉದ್ದ.

ಸುದ್ದಿ ಬಂದ ದಿನ ಅಂಗಡಿ ಕಟ್ಟೆಯ ಮೇಲೆ ಕೂತು ಅವನೇ ಭಾಷಣ ಬಿಗಿದಿದ್ದ. "ಕೈಲಾಗ್ದೋರ್ಗೆಲ್ಲ ಸರ್ಕಾರ ಯಾಕ್ರೀ ದುಡ್ಡು ಸುರೀಬೇಕು? ನಡ್ಸೋಕಾಗ್ದಿದ್ರೆ ಮುಚ್ಕೊಂಡು ಹೋಗ್ಲಿ!" ಆಮೇಲೆ ಯಾರೋ ಕಿವಿಯಲ್ಲಿ ಲೆಕ್ಕ ಊದಿರಬೇಕು. ನೋಡನೋಡುತ್ತಲೇ ಅವನಿಗೆ ಬಡವರ ಮೇಲೆ ಎಲ್ಲಿಲ್ಲದ ಕರುಣೆ ಉಕ್ಕಿಬಿಟ್ಟಿತು. ಕೊಟ್ಟಿಗೆಯ ಹಸುಗಳಲ್ಲಿ ಒಂದಷ್ಟನ್ನು ಒಂದು ದಿನದ ಮಟ್ಟಿಗೆ ನಮ್ಮ ಮನೆಗಳ ಮುಂದೆ ಕಟ್ಟುವುದೆಂದು ಹೊಂಚಿದ.

"ಆಫೀಸರ್ ಬಂದು ಹೋಗೋ ತನಕ ಹಸು ನಿಮ್ದು. ಸಂಜೆ ಕರೆಯೋ ಹೊತ್ತಿಗೆ ಎಲ್ಲಾ ವಾಪಸ್ ನನ್ ಕೊಟ್ಟಿಗೇಲಿರ್ಬೇಕು. ದುಡ್ಡು ನಿಮ್ ಹೆಸ್ರಿಗೆ ಬರುತ್ತೆ, ತಗೊಳ್ಳೋನು ನಾನು. ತಿಳೀತಾ?"

ನಮ್ಮ ಓಣಿಯ ಕೊನೆ ಮನೆಯ ಉದ್ದಕ್ಕನಿಗೆ ಎತ್ತರದಷ್ಟೇ ಧೈರ್ಯವೂ ಇದೆ. "ನಮ್ಗೇನು ಸಿಗುತ್ತೆ ಧಣೀ?" ಅಂದಳು.

"ಫೋಟೋ ಸಿಗುತ್ತೆ ಕಣೇ. ಹಸು ಜೊತೆ ಫೋಟೋ!"

ಬಾಲ ಮತ್ತೆ ನಕ್ಕ. ನಾನು ಆ ಕಡೆ ನೋಡಲಿಲ್ಲ. ಹಸುಗಳ ಸಾಲಿನ ಮಧ್ಯದಲ್ಲಿ ಕಟ್ಟಿದ್ದ ಬೂದಿಯನ್ನು ನೋಡುತ್ತಿದ್ದೆ.

ಬೂದಿ ನನ್ನ ಹಸು. ಮೈಯೆಲ್ಲ ಬೂದಿ ಬಣ್ಣ, ಹಣೆಯಲ್ಲಿ ಮಾತ್ರ ಒಂದು ಬಿಳಿ ಮಚ್ಚೆ. ಕರುವಾಗಿದ್ದಾಗಿನಿಂದ ಸಾಕಿದ್ದು ನಾನು. ಟ್ಯಾಂಕರು ಬಂದ ವರ್ಷ ಹಾಲು ಕೊಳ್ಳುವವರಿಲ್ಲದೆ ಮೇವಿಗೂ ಗತಿಯಿಲ್ಲದಾದಾಗ ಧಣಿ ಬಾಗಿಲಿಗೆ ಬಂದು ನಯವಾಗಿ ಹೇಳಿದ್ದ. "ಒಳ್ಳೆ ಕಾಲ ಬರೋವರ್ಗೂ ನನ್ ಕೊಟ್ಟಿಗೇಲಿರ್ಲಿ ಬಿಡು. ಮೇವು ನಂದು, ಬಂದು ಹಾಲು ಕರ್ಕೊಡು, ಕೂಲಿ ಕೊಡ್ತೀನಿ." ಒಳ್ಳೆಯ ಕಾಲ ಬಂತಾ ಎಂದು ಆಗಾಗ ಕೇಳಿದೆ. ಕೇಳಿದಾಗಲೆಲ್ಲ, "ಇಷ್ಟು ದಿನ ಮೇವು ತಿಂದಿದ್ದು ನಿಮ್ಮಪ್ಪಂದಾ?" ಅನ್ನುತ್ತಿದ್ದ. ಅಂತೂ ನನ್ನ ಹಸುವಿನ ಹಾಲನ್ನು ಇನ್ನೊಬ್ಬರ ಬಕೆಟ್ಟಿಗೆ ಕರೆದು ಕೂಲಿ ತರುವ ಹಣೆಬರಹ ನನ್ನದಾಯಿತು. ಹೊಟ್ಟೆ ಉರಿಯುತ್ತಿತ್ತು, ಇಲ್ಲವೆನ್ನಲಾರೆ.

ಮನೆಗೆ ಬಂದು ಅತ್ತೆಗೆ ವಿಷಯ ಹೇಳಿದೆ. ಗಂಡನಿಲ್ಲದ ಮನೆಯಲ್ಲಿ ನಾವಿಬ್ಬರೇ. ಅತ್ತೆಗೆ ಹಲ್ಲು ಕಡಿಮೆ, ನಾಲಿಗೆ ಮಾತ್ರ ಪೂರ್ತಿ ಇದೆ.

"ಯಾವ್ ಹಸು ಕಳಿಸ್ತಾನಂತೆ ಬಡ್ಡೀಮಗ?"

"ಗೊತ್ತಿಲ್ಲ. ಬಾಲ ಹಂಚ್ತಾನೆ."

"ನಮ್ಗೆ ಒಂದು ಒದೆಯೋ ಹಸು ಕೊಡು ಅನ್ನು. ಕಟ್ಟೋಕೆ ಬಂದಾಗ ಅವನಿಗೇ ಒದೀಲಿ."

ಬೆಳಗ್ಗೆ ಬಾಲ ಹಸುಗಳನ್ನು ಹೊಡೆದುಕೊಂಡು ಓಣಿಗೆ ಬಂದ. ಬೂದಿಯನ್ನು ಉದ್ದಕ್ಕನ ಮನೆಗೆಂದು ಗೊತ್ತುಮಾಡಿ ತಾನೇ ಹಗ್ಗ ಹಿಡಿದಿದ್ದ. ನಮ್ಮ ಬಾಗಿಲು ಬಂತು ನೋಡಿ, ಬೂದಿ ಸರಕ್ಕನೆ ತಿರುಗಿತು. ಬಾಲ ಜಗ್ಗಿದ. ಬೂದಿಯೂ ಜಗ್ಗಿತು. ಒಂದು ಚಪ್ಪಲಿ ಓಣಿಯಲ್ಲೇ ಬಿಟ್ಟು ಬಾಲ ನಮ್ಮಂಗಳಕ್ಕೆ ಬಂದು ಬಿದ್ದ. ಬೂದಿ ನೆಟ್ಟಗೆ ಹೋಗಿ ತನ್ನ ಹಳೆ ಗೂಟದ ಪಕ್ಕ ನಿಂತಿತು. ಆ ಗೂಟಕ್ಕೀಗ ನಾವು ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದೆವು. ಅತ್ತೆಯ ಒದ್ದೆ ಸೀರೆ ಅದರ ಬೆನ್ನಿನ ಮೇಲೆ ಬಿತ್ತು, ಅದಕ್ಕೆ ಅದರ ಪರಿವೆಯೇ ಇರಲಿಲ್ಲ.

"ಬಂದ್ಯಾ ಮುಂಡೇದೇ?" ಅತ್ತೆ ಅದರ ಕೊರಳ ಗಂಗೆದೊಗಲು ಸವರಿದಳು. "ದಾರಿ ನೆನಪಿತ್ತಾ?"

ನಾನು ಅಳುತ್ತಿದ್ದೆ. ಮರೆಮಾಚುವುದಕ್ಕೂ ಹೋಗಲಿಲ್ಲ.

"ಇದು ಉದ್ದಕ್ಕಂಗೆ ಬರೆದಿರೋದು!" ಬಾಲ ಚಪ್ಪಲಿ ಹುಡುಕುತ್ತ ಕೂಗಿದ.

"ಬಿಡೋ ಮಾರಾಯ, ನಂಗೆ ಆ ಗಬ್ಬದ ಕೆಂಪಂದು ಕೊಡು," ಉದ್ದಕ್ಕ ತನ್ನ ಬಾಗಿಲಿನಿಂದಲೇ ಅಂದಳು. "ಒಂದು ದಿನಕ್ಕೆ ಯಾವುದಾದ್ರೇನು."

ಬೂದಿಯ ಕರು ಮಾತ್ರ ಕೊಟ್ಟಿಗೆಯಲ್ಲೇ ಉಳಿದಿತ್ತು. ಯಾವ ಕರುವನ್ನೂ ಕಳಿಸಿರಲಿಲ್ಲ. ಕರು ಅಲ್ಲಿದ್ದರೆ ತಾಯಿ ಎಲ್ಲಿಗೆ ಹೋದೀತು ಎಂಬುದು ಧಣಿಯ ಲೆಕ್ಕ.

ಅಧಿಕಾರಿ ಬಂದಾಗ ಬಿಸಿಲೇರಿತ್ತು. ಮೂಗಿಗೆ ಕರವಸ್ತ್ರ ಹಿಡಿದೇ ಅಂಗಳಕ್ಕೆ ಕಾಲಿಟ್ಟ. ಹಿಂದೆ ಧಣಿ, ಧಣಿಯ ಹಿಂದೆ ಬಾಲ, ಇನ್ನೊಂದು ಪಕ್ಕ ಚೀಲ ಹೊತ್ತ ಸಹಾಯಕ.

"ಈ ಹಸು ಯಾರ್ದಮ್ಮಾ?"

ಧಣಿ ಹಿಂದಿನಿಂದ ತನ್ನ ಬಾಯಿಯನ್ನು ಎರಡು ಬೆರಳಲ್ಲಿ ಅಗಲಿಸಿ ನಗು, ನಗು ಎಂದು ಸನ್ನೆ ಮಾಡಿದ. ನಾನು ನಗಲಿಲ್ಲ.

"ನಂದು," ಅಂದೆ.

"ಯಾವಾಗಿಂದ?"

"ಕರು ಆಗಿದ್ದಾಗಿಂದ."

ಸುಳ್ಳು ಹೇಳಲೆಂದು ನಿಲ್ಲಿಸಿದ್ದರು, ಬಾಯಿಗೆ ಬಂದದ್ದೆಲ್ಲ ನಿಜ. ಧಣಿಗೆ ಬಹಳ ಖುಷಿಯಾಯಿತು. ಹುಡುಗಿ ಚೆನ್ನಾಗಿ ಪಾಠ ಕಲಿತಿದ್ದಾಳೆ ಅಂದುಕೊಂಡಿರಬೇಕು.

ಅಧಿಕಾರಿ ಅವನತ್ತ ತಿರುಗಿ, ನಾವೆಲ್ಲ ಕಿವುಡರೇನೋ ಎಂಬಂತೆ, "ನಿಜ ಹೇಳ್ಲಾ? ನಂಗೆ ಈ ಸಹಾಯಧನದಲ್ಲೆಲ್ಲ ನಂಬ್ಕೆ ಇಲ್ಲ," ಅಂದ. "ಟ್ಯಾಂಕರ್ ಹಾಲು ಅಗ್ಗ, ಚೆನ್ನಾಗೂ ಇರುತ್ತೆ. ಇಂಥೋರಿಗೆ ಕೊಡೋದು ತೂತು ಬಕೆಟ್‌ಗೆ ಹಾಲು ಕರೆದಂಗೆ."

"ಸಾಹೇಬ್ರೇ," ಅತ್ತೆ ಕೂತಲ್ಲಿಂದಲೇ ಕರೆದಳು. "ನಾವು ಭಿಕ್ಷೆ ಕೇಳ್ಲಿಲ್ಲ. ನಮ್ ಹಾಲಿಗೆ ತಕ್ಕ ಬೆಲೆ ಕೊಟ್ಟಿದ್ರೆ ನಿಮ್ ದುಡ್ಡಿನ ಮುಖಾನೂ ನೋಡ್ತಿರ್ಲಿಲ್ಲ. ಅಗ್ಗ ಅಂತ ಟ್ಯಾಂಕರ್‌ಗೆ ಬಾಯಿ ಹಾಕಿದ್ರಿ. ಊರ ಹಸು ಎಲ್ಲಾ ಹೋದ್ಮೇಲೆ ಆ ಟ್ಯಾಂಕರಿನೋನು ರೇಟು ಏರಿಸ್ತಾನೆ, ಇಲ್ಲಾ ಬರೋದೇ ನಿಲ್ಲಿಸ್ತಾನೆ. ಆವಾಗ ಯಾರ್ ಮೊಲೆ ಹಿಂಡ್ತೀರಿ, ಈ ಧಣೀದಾ?"

ಸಹಾಯಕ ಚೀಲದೊಳಗೆ ತಲೆ ತೂರಿಸಿ ನಗು ನುಂಗಿಕೊಂಡ. ಅಧಿಕಾರಿ ಕರವಸ್ತ್ರ ತೆಗೆದು, ಮತ್ತೆ ಹಿಡಿದು, "ಓಲೆ ಹಾಕಯ್ಯ," ಅಂದ.

ಹಸುವಿನ ಕಿವಿಗೆ ಚುಚ್ಚುವ ಹಳದಿ ಬಿಲ್ಲೆಗೆ ನಮ್ಮಲ್ಲಿ ಓಲೆ ಎನ್ನುತ್ತಾರೆ. ಇಕ್ಕಳದಂಥದ್ದು ಟಕ್ ಎಂದಿತು, ಬೂದಿ ತಲೆ ಕೊಡವಿತು, ಮುಗಿಯಿತು. ನನ್ನ ಹೆಸರು, ಓಲೆಯ ನಂಬರು, ನಾವಿಬ್ಬರೂ ಇರುವ ಫೋಟೋ.

"ಕೇಳಮ್ಮಾ. ಈ ಓಲೆ ಹಸು ಇದೇ ಮನೇಲಿರ್ಬೇಕು. ಹೇಳ್ದೆ ಕೇಳ್ದೆ ಬಂದು ನೋಡ್ತೀವಿ. ಬೇರೆ ಯಾರದ್ದಾದ್ರೂ ಕೊಟ್ಟಿಗೇಲಿ ಸಿಕ್ತೋ, ಆ ಕೊಟ್ಟಿಗೆಯೋರ ಮೇಲೆ ಕೇಸು."

"ಹಾಕ್ಲೇಬೇಕು ಸಾರ್!" ಎಲ್ಲರಿಗಿಂತ ಮೊದಲು ಧಣಿಯೇ ಎದೆ ತಟ್ಟಿಕೊಂಡ. "ಬಡವ್ರ ಹಸು ಮೇಲೆ ಕಣ್ಣು ಹಾಕೋರ್ನ ಸುಮ್ನೆ ಬಿಡಬಾರ್ದು!"

"ಸಾಹೇಬ್ರೇ, ಧಣಿ ಹೇಳಿದ್ದನ್ನೂ ಬರ್ಕೊಳ್ಳಿ," ಅಂದಳು ಅತ್ತೆ.

ಹೊತ್ತಿಳಿಯಿತು. ಬಾಲ ಒಂದೊಂದೇ ಮನೆಯ ಹಸು ಬಿಚ್ಚಿಕೊಂಡು ಬಂದ. ಕೆಲವರು ಕೊಟ್ಟುಬಿಟ್ಟರು. ಅವರನ್ನು ದೂರುವುದಿಲ್ಲ, ಹೆದರಿಕೆ ಯಾರಿಗಿಲ್ಲ? ನನ್ನ ಬಾಗಿಲಿಗೆ ಬಂದಾಗ ನಾನು ಬೂದಿಯ ಮೈ ತಿಕ್ಕುತ್ತಿದ್ದೆ.

"ಬಿಚ್ಚೇ, ಹೊತ್ತಾಯ್ತು."

"ಇದು ನಮ್ಮನೆ ಹಸು. ಕೇಸಾಗುತ್ತೆ ಕಣೋ, ಮುಟ್ಬೇಡ."

ಓಣಿಯ ಕೊನೆಯಿಂದ ಉದ್ದಕ್ಕನ ದನಿಯೂ ಕೇಳಿಸಿತು. "ನಂದೂ ಕೊಡಲ್ಲ ಅಂತ ಹೇಳೋ ಅವನಿಗೆ! ಓಲೆ ಚೆನ್ನಾಗಿ ಒಪ್ಪಿದೆ!"

ಧಣಿ ಬಿರುಗಾಳಿಯ ಹಾಗೆ ಬಂದ.

"ಯಾವಳೇ ಅವಳು ಬೋಳಿಮಗಳು? ನಾಟಕ ಆಡು ಅಂದ್ರೆ ರಾಣಿಯೇ ಆಗ್ಬಿಟ್ಯಾ? ಕಿವಿ ಕೊಯ್ದು ಓಲೆ ಕಿತ್ತಾಕ್ತೀನಿ!"

"ಕೀಳಿ. ಫೋಟೋದಲ್ಲಿ ಕಿವಿ ಎರಡೂ ಇದೆ."

ನನ್ನ ನಾಲಿಗೆ ಅತ್ತೆಯದೇ ಆಗಿಹೋಗಿತ್ತು. ಅವನು ಹಗ್ಗಕ್ಕೆ ಕೈ ಹಾಕಿ, ಸುತ್ತ ನೆರೆದವರನ್ನು ನೋಡಿ, ಹಿಂದೆಗೆದ. ಆಮೇಲೆ ಸಣ್ಣಗೆ ನಕ್ಕ. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ಇಟ್ಕೋ. ಓಲೆ ಇರೋದು ಹಸುಗೆ. ಕರುಗಿಲ್ಲ. ಕರು ನಂದು. ಕರು ಇಲ್ದೆ ಅದು ಒಂದು ತೊಟ್ಟೂ ಬಿಡಲ್ಲ, ಗೊತ್ತಲ್ಲ? ಅದು ಕೂಗಿ ಕೂಗಿ ಸಾಯೋದ್ರೊಳಗೆ ನೀನೇ ಕಾಲಿಗೆ ಬೀಳ್ತೀಯ. ಇನ್ನು ಕೆಲ್ಸಕ್ಕೆ ಕಾಲಿಟ್ರೆ ಕಾಲು ಮುರೀತೀನಿ, ನೆನಪಿರ್ಲಿ."

ಅವನು ಹೇಳಿದ್ದು ನಿಜ. ಅವನು ಹೋದ ಮೇಲೆ ಬೂದಿ ಕತ್ತು ಚಾಚಿ ಕೂಗಿತು, ಕೊಟ್ಟಿಗೆಯಿಂದ ಸಣ್ಣ ದನಿಯಲ್ಲಿ ಕರು ಓಗೊಟ್ಟಿತು. ಕೆಚ್ಚಲು ಕಲ್ಲಿನಂತಾಗಿತ್ತು. ಅಷ್ಟರಲ್ಲಿ ಕೊಟ್ಟಿಗೆಯ ಉಳಿದ ಹಸುಗಳೂ ಶುರುಮಾಡಿದವು. ನನ್ನನ್ನು ಕೆಲಸದಿಂದ ತೆಗೆದನೆಂದು ಕೇಳಿ ಹಾಲು ಕರೆಯುವವರಲ್ಲಿ ಒಬ್ಬಳೂ ಕೊಟ್ಟಿಗೆಗೆ ಹೋಗಿರಲಿಲ್ಲ. ಹಸು ಬಿಟ್ಟುಕೊಟ್ಟವರೂ ಹೋಗಲಿಲ್ಲ. ಕರೆಯುವ ಯಂತ್ರವೊಂದನ್ನು ಧಣಿ ಹಿಂದೆ ತರಿಸಿದ್ದ. ಅದರ ಮೇಲೆ ಕೋಳಿಗಳು ಮಲಗುತ್ತವೆ. ಧಣಿಯೂ ಬಾಲನೂ ಬಕೆಟ್ ಹಿಡಿದು ಕೂತರಂತೆ. ದಡಾರ್ ಎಂದು ಬಕೆಟ್ ಉರುಳಿದ್ದು, ಬಾಲ ಅಯ್ಯಯ್ಯಪ್ಪೋ ಎಂದಿದ್ದು ಓಣಿಗೆಲ್ಲ ಕೇಳಿಸಿತು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆದರೆ ಹಸುಗಳ ಕೂಗು ನಿಲ್ಲಲಿಲ್ಲ. ನಗು ತಾನಾಗಿಯೇ ಇಳಿಯಿತು.

"ಪಾಪದವು ಏನ್ ಮಾಡಿದ್ವು?" ಅತ್ತೆ ಅಂದಳು. "ಹೋಗ್ರೇ. ಹೋಗಿ ಹಗುರ ಮಾಡಿ ಬನ್ನಿ."

ನಾವೆಲ್ಲ ಹೊರಟೆವು. ಕೊಟ್ಟಿಗೆಯ ಬಾಗಿಲಲ್ಲಿ ಧಣಿ ನಿಂತಿದ್ದ. ಅಂಗಿಯೆಲ್ಲ ಸಗಣಿ. ನಮ್ಮನ್ನು ಕಂಡದ್ದೇ ಮುಖ ಅರಳಿತು.

"ಬಂದ್ರಾ ದಾರಿಗೆ? ಹೊಟ್ಟೆ ಬಿಟ್ಟು ಎಲ್ಲಿಗ್ರೇ ಹೋಗ್ತೀರಿ? ಹೂಂ, ಬಕೆಟ್ ತಗೊಳ್ಳಿ."

ಬಕೆಟ್ಟುಗಳು ಸಾಲಾಗಿದ್ದವು. ಯಾರೂ ಬಗ್ಗಲಿಲ್ಲ. ಅವುಗಳನ್ನು ದಾಟಿ ಕರುಗಳ ಕಡೆ ನಡೆದೆವು. ಮೊದಲ ಹಗ್ಗ ನಾನು ಬಿಚ್ಚಿದೆ, ಎರಡನೆಯದು ಉದ್ದಕ್ಕ. ಆಮೇಲೆ ಯಾರು ಯಾವುದು ಬಿಚ್ಚಿದರೋ ತಿಳಿಯಲಿಲ್ಲ. ಕೊಟ್ಟಿಗೆಯ ತುಂಬ ಕರುಗಳು ಬಾಲ ಎತ್ತಿ ಓಡಿದವು. ಹುಟ್ಟಿದಾಗಿನಿಂದ ಹೊಟ್ಟೆ ತುಂಬ ಕುಡಿದಿರದ ಕರುಗಳು, ತಲೆಯಿಂದ ಕೆಚ್ಚಲು ಗುದ್ದಿ ಗುದ್ದಿ, ಬಾಯಲ್ಲಿ ನೊರೆ ಸುರಿಸುತ್ತ ಕುಡಿದವು. ಕೂಗು ಒಂದೊಂದಾಗಿ ನಿಂತಿತು.

"ಹಾಲು! ಲೇ, ನನ್ ಹಾಲು!" ಧಣಿ ಖಾಲಿ ಬಕೆಟ್ ಹಿಡಿದು ಆ ಸಾಲಿನಿಂದ ಈ ಸಾಲಿಗೆ ಓಡಿದ. "ಯಾರ್ರೇ ಹೇಳಿದ್ದು ಬಿಚ್ಚೋಕೆ?"

"ಸಹಾಯಧನ ಧಣೀ," ಅಂದೆ. "ಕೈಲಾಗ್ದೋರ್ಗೆ."

ಬೂದಿಯ ಕರುವೊಂದೇ ಕೊಟ್ಟಿಗೆಯ ನಡುವೆ ದಿಕ್ಕು ತೋಚದೆ ನಿಂತಿತ್ತು. ಅದರ ತಾಯಿಯ ಜಾಗ ಖಾಲಿ. ಅಷ್ಟರಲ್ಲಿ ಓಣಿಯಿಂದ ಬೂದಿ ಕೂಗಿತು. ಕರು ಕಿವಿ ನಿಮಿರಿಸಿತು. ಬಾಲ ಬಾಗಿಲು ಹಾಕಲು ಕುಂಟುತ್ತ ಓಡಿದ, ಉದ್ದಕ್ಕ ಕಾಲು ಅಡ್ಡ ಇಟ್ಟಳು. ಕರು ಧಣಿಯ ಕಾಲ ಸಂದಿಯಲ್ಲೇ ನುಗ್ಗಿ, ಅವನನ್ನೂ ಬಕೆಟ್ಟನ್ನೂ ಸಗಣಿಯಲ್ಲಿ ಕೂರಿಸಿ, ಓಣಿ ಹಿಡಿದು ಓಡಿತು.

ನಾನು ಮನೆ ಮುಟ್ಟುವಷ್ಟರಲ್ಲಿ ಅದು ತಾಯಿಯ ಹೊಟ್ಟೆಯ ಕೆಳಗಿತ್ತು. ನಾನು ಬಕೆಟ್ ತರಹೋದರೆ ಅತ್ತೆ ತಡೆದಳು. "ಈವತ್ತು ಬೇಡ ಕಣೇ. ಪೂರ್ತಿ ಅದೇ ಕುಡೀಲಿ."

ಓಣಿಯ ತುದಿಯಲ್ಲಿ ಧಣಿಯ ಜೀಪು ಗುರ್ರೆಂದಿತು. ಪೊಲೀಸರನ್ನು ಕರೆಯಲು ಹೊರಟನೋ, ಆಳುಗಳನ್ನೋ, ಯಾರಿಗೆ ಗೊತ್ತು. ಅತ್ತೆ ಸಗಣಿ ಎತ್ತುವ ಸಲಿಕೆ ತಂದು ಬಾಗಿಲಿಗೆ ಅಡ್ಡಲಾಗಿ ಕೂತಳು. ಉದ್ದಕ್ಕ ತನ್ನ ಕೆಂಪು ಹಸುವನ್ನು ಹಿಡಿದುಕೊಂಡು ಬಂದು ನಮ್ಮ ಗೂಟಕ್ಕೇ ಕಟ್ಟಿ, ಅತ್ತೆಯ ಪಕ್ಕ ಕೂತಳು. ನಾನೂ ಕೂತೆ.

"ಏನೇ, ಹಲ್ಲು ಕಿರೀತಿದೀಯ?" ಉದ್ದಕ್ಕ ನನ್ನ ಮುಖ ನೋಡಿ ಕೇಳಿದಳು.

ಕಿರಿಯುತ್ತಿದ್ದೆನಂತೆ. ನನಗೆ ಗೊತ್ತೇ ಆಗಿರಲಿಲ್ಲ.