ಬಾಚೇನಿ

ಬಾಚಣಿಗೆ ನಾಲ್ಕನೆಯ ಸಲವೂ ಅಲ್ಲೇ ನಿಂತಿತು. ಚನ್ನೇಶ ಎಳೆದ. ಅಂಕಿತಾ ಕಿರುಚಿದಳು. ಬಾಚಣಿಗೆಯ ಎರಡು ಹಲ್ಲು ಮುರಿದು ಕೂದಲಲ್ಲೇ ಉಳಿದವು.

"ಸಾಕ ಬಿಡಪ್ಪಾ."

"ಇನ್ನೊಂದೀಟು. ಅಲುಗಾಡಬ್ಯಾಡ."

"ಆಗಳೂ ಹಂಗ ಅಂದಿ."

ಏಳು ವರ್ಷದ ಹುಡುಗಿಗೆ ಸೊಂಟದವರೆಗೆ ಕೂದಲು. ಕುತ್ತಿಗೆಯ ಹಿಂದೆ, ಎಲ್ಲ ಎಳೆಗಳ ಅಡಿಯಲ್ಲಿ, ನಿಂಬೆಹಣ್ಣಿನಷ್ಟು ದಪ್ಪದ ಒಂದು ಗಂಟು. ಬೆಳಿಗ್ಗೆಯಿಂದ ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಕುಡಿದರೂ ಅದು ಮೆತ್ತಗಾಗಿರಲಿಲ್ಲ. ಗಂಟೆ ಹನ್ನೊಂದಾಗಿತ್ತು. ಹೆಂಡತಿ ಮಂಜುಳಾ ಬರುವ ಬಸ್ಸು ನಾಲ್ಕಕ್ಕೆ ಶಿಗ್ಗಾಂವಿ ಮುಟ್ಟುತ್ತದೆ.

ಆರು ವಾರದ ಹಿಂದೆ ಹಿರೇಕೆರೂರಿನಲ್ಲಿ ಮಂಜುಳಾಳ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡಿದ್ದಳು. ನೋಡಿಕೊಳ್ಳುವವರು ಬೇರೆ ಯಾರೂ ಇರಲಿಲ್ಲ. ಅಂಕಿತಾಳಿಗೆ ಸಾಲೆ ತಪ್ಪಬಾರದೆಂದು ಅವಳನ್ನು ಗಂಡನ ಹತ್ತಿರ ಬಿಟ್ಟು ಹೋಗುವಾಗ ಮಂಜುಳಾ ಗ್ಯಾಸಿನ ಬಗ್ಗೆ ಒಂದು ಮಾತು, ಹಾಲಿನವನ ಬಗ್ಗೆ ಒಂದು ಮಾತು ಹೇಳಿದಳು. ಕೂದಲಿನ ಬಗ್ಗೆ ಮಾತ್ರ ಹತ್ತು ನಿಮಿಷ ಹೇಳಿದಳು. ಮೂರು ಪಾಲು ಮಾಡ್ರಿ. ತುದಿಯಿಂದ ಬಿಡಿಸಕೋತ ಮ್ಯಾಲಕ್ಕ ಹೋಗ್ರಿ. ಮ್ಯಾಲಿಂದ ಎಳದ್ರ ಸಿಕ್ಕೆಲ್ಲಾ ಕೆಳಗ ಹೋಗಿ ಕೂಡತಾವು. ಚನ್ನೇಶ ಸ್ಟಾಫ್ ಮೀಟಿಂಗಿನಲ್ಲಿ ಕೂತವನ ಹಾಗೆ ತಲೆಯಾಡಿಸಿದ್ದ.

ಮೂರು ದಿನ ಹೇಳಿದಂತೆ ಬಾಚಿದ. ನಾಲ್ಕನೆಯ ದಿನ ಹುಡುಗಿ ಅತ್ತಳು. ಸವಣೂರಿನ ಕಾಲೇಜಿಗೆ ಅವನ ಬಸ್ಸು ಎಂಟೂವರೆಗೆ. ಅಂದು ಮೇಲಿನ ಪದರವನ್ನಷ್ಟೇ ನುಣ್ಣಗೆ ಬಾಚಿ, ಒಳಗಿನದನ್ನು ಒಳಗೇ ಬಿಟ್ಟು, ಜಡೆ ಹೆಣೆದ. ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲ. ಹುಡುಗಿಯೂ ಅಳಲಿಲ್ಲ. ಮಗಳನ್ನು ಅಳಿಸದಿರುವುದು ಪ್ರೀತಿ ಎಂದು ಅವನು ತನಗೇ ಹೇಳಿಕೊಂಡ. ಅದು ಬರೀ ಮೈಗಳ್ಳತನವೆಂದು ಅವನಿಗೆ ಅಂದೇ ಗೊತ್ತಿತ್ತು.

ಸಂಜೆ ಮಂಜುಳಾ ಫೋನಿನಲ್ಲಿ ಕೇಳುತ್ತಿದ್ದಳು, "ಬಾಚೀರಿಲ್ಲೋ?"

"ಬಾಚೇನಿ."

ವಿಡಿಯೋದಲ್ಲಿ ಜಡೆ ತೋರಿಸಿದರೆ, "ಅಡ್ಡಿ ಇಲ್ಲ, ಕಲತೀರಿ" ಎಂದು ನಗುತ್ತಿದ್ದಳು. ಅಂಕಿತಾ ಅಪ್ಪನ ಮುಖ ನೋಡಿ ಸುಮ್ಮನಿರುತ್ತಿದ್ದಳು. ಅವರಿಬ್ಬರ ನಡುವೆ ಇದ್ದ ಒಂದೇ ಗುಟ್ಟು ಇದು.

ಅವನು ಎದ್ದು ಕಪಾಟಿನಿಂದ ಕತ್ತರಿ ತಂದ. ಗಂಟನ್ನು ಬುಡದಲ್ಲೇ ಕತ್ತರಿಸಿ, ಮೇಲಿನ ಕೂದಲನ್ನು ಅದರ ಮೇಲೆ ಹೊದಿಸಿ ಹೆಣೆದರೆ ಎರಡು ದಿನವಾದರೂ ಮಂಜುಳಾಳಿಗೆ ತಿಳಿಯುವುದಿಲ್ಲ. ಆಮೇಲಿನದು ಆಮೇಲೆ. ತನ್ನ ತಲೆ ಇಷ್ಟು ಚುರುಕಾಗಿ ಓಡುವುದನ್ನು ಕಂಡು ಅವನಿಗೇ ಹೇಸಿಗೆಯಾಯಿತು. ಹುಡುಗಿಗೆ ನೋವಾಗುತ್ತಿರುವುದು ಅವನ ಚಿಂತೆಯಾಗಿರಲಿಲ್ಲ. ಸಿಕ್ಕಿಬೀಳುವುದು ಅವನ ಚಿಂತೆಯಾಗಿತ್ತು.

"ಕತ್ರಿ ಕೆಳಗಿಡು."

ಬಾಗಿಲಲ್ಲಿ ಅವನ ತಾಯಿ ಸಿದ್ದವ್ವ. ಸೊಸೆ ಬರುತ್ತಾಳೆಂದು ದುಂಡಸಿಯಿಂದ ರೊಟ್ಟಿಯ ಗಂಟು ಹೊತ್ತು ಬಂದಿದ್ದಳು. ಚಪ್ಪಲಿ ಬಿಟ್ಟು ನೇರ ಒಳಗೆ ಬಂದು ಮೊಮ್ಮಗಳ ಕೂದಲೆತ್ತಿ ನೋಡಿದಳು. ಬೆರಳು ಗಂಟಿಗೆ ತಾಗಿದ್ದೇ ಕೈ ಹಿಂದಕ್ಕೆ ತೆಗೆದಳು.

"ಯಾವಾಗಿಂದ ಐತಿ ಇದು?"

"ಗೊತ್ತಿಲ್ಲ. ಇವತ್ತ ನೋಡಿದೆ."

"ಗೊತ್ತಾಗಧಂಗನ ಬರ್ತಾಳಪ್ಪಾ ಆಕಿ."

"ಯಾರು?"

"ಅವ್ವ. ಗುಡ್ಡದಾಕಿ. ಜಡಿ ಬಿದ್ದೈತಿ ಹುಡುಗಿಗೆ."

ಚನ್ನೇಶನಿಗೆ ನಗು ಬರಬೇಕಿತ್ತು. ಬರಲಿಲ್ಲ. ಜಡಿ ಬಿದ್ದರೆ ಗುಡ್ಡದ ಯಲ್ಲವ್ವ ಹುಡುಗಿಯನ್ನು ತನ್ನವಳೆಂದು ಗುರುತು ಹಾಕಿದ್ದಾಳೆ ಎಂದರ್ಥ. ಅದನ್ನು ಬಾಚುವಂತಿಲ್ಲ, ಕತ್ತರಿಸುವಂತಿಲ್ಲ, ಮುಟ್ಟುವಂತಿಲ್ಲ. ಸಿದ್ದವ್ವನ ಅಕ್ಕ ಅಡಿವೆವ್ವನಿಗೆ ಹತ್ತನೆಯ ವಯಸ್ಸಿನಲ್ಲಿ ಹೀಗೇ ಆಗಿತ್ತು. ಸಾಲೆ ಬಿಡಿಸಿದರು. ಮದುವೆ ಮಾಡಲಿಲ್ಲ. ಸಾಯುವ ತನಕ ಅವಳು ಮಂಗಳವಾರ, ಶುಕ್ರವಾರ ಮನೆಮನೆಗೆ ಜೋಗ ಬೇಡಿದಳು. ಊರವರೆಲ್ಲ ಅವಳ ಕಾಲಿಗೆ ಬೀಳುತ್ತಿದ್ದರು. ದನದ ಕೊಟ್ಟಿಗೆಯ ಪಕ್ಕದಲ್ಲಿ ಅವಳೊಬ್ಬಳೇ ಮಲಗುತ್ತಿದ್ದುದನ್ನು ಚನ್ನೇಶ ಚಿಕ್ಕವನಿದ್ದಾಗ ನೋಡಿದ್ದ.

"ಯವ್ವಾ, ಅದು ಬರೇ ಸಿಕ್ಕು."

"ಸಿಕ್ಕ ಆಗಾಕ ನೀ ಬಾಚಿಲ್ಲೇನು?"

ಇಲ್ಲ ಎಂದರೆ ಮುಗಿಯುತ್ತಿತ್ತು. ಎರಡೇ ಅಕ್ಷರ. ಚನ್ನೇಶ ಕತ್ತರಿಯನ್ನು ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ. ಆಗ ಅವನಿಗೆ ಹಗುರವೆನಿಸಿತು. ಬೆಳಿಗ್ಗೆಯಿಂದ ಎದೆಯ ಮೇಲೆ ಕೂತಿದ್ದುದನ್ನು ಯಾರೋ ಎತ್ತಿಕೊಂಡು ಹೋದ ಹಾಗೆ. ಆ ಗಂಟು ಈಗ ಅವನದಲ್ಲ.

ಹನ್ನೆರಡರ ಹೊತ್ತಿಗೆ ಪಕ್ಕದ ಮನೆಯ ನಾಗವ್ವ ಬಂದಳು. ಅವಳ ಹಿಂದೆ ಓಣಿಯ ಇನ್ನಿಬ್ಬರು ಬಂದರು. ಅಂಕಿತಾಳನ್ನು ಮಣೆಯ ಮೇಲೆ ಕೂರಿಸಿ ಗಂಟಿಗೆ ಭಂಡಾರ ಹಚ್ಚಿದರು. ಬೇವಿನ ಎಸಳು ಸಿಕ್ಕಿಸಿದರು. ಹಳದಿ ಪುಡಿ ಎಣ್ಣೆಯಲ್ಲಿ ಕರಗಿ ಅವಳ ಬೆನ್ನಿಗಿಳಿಯಿತು. ಹುಡುಗಿ ಅಳು ಮರೆತು ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ನೋಡುತ್ತಿದ್ದಳು.

"ಆಯಿ, ಇನ್ನ ನನ್ನ ತಲಿ ಯಾರೂ ಬಾಚೂದಿಲ್ಲೇನು?" ಎಂದು ಅಜ್ಜಿಯನ್ನು ಕೇಳಿದಳು.

"ಯಾರೂ ಇಲ್ಲವ್ವಾ. ನೀನೂ ಮುಟ್ಟಬಾರದು."

"ಛಲೋ ಆತು. ಮತ್ತ ಸಾಲಿಗೆ?"

"ಗುಡ್ಡಕ್ಕ ಹೋಗಿ ಕೇಳಿ ಬರೋಣು. ಆಮ್ಯಾಲ ನೋಡೋಣು."

ಆ 'ನೋಡೋಣು' ಚನ್ನೇಶನ ಕಿವಿಯಲ್ಲಿ ಉಳಿಯಿತು. ಅಡಿವೆವ್ವನಿಗೂ ಯಾರೋ ನೋಡೋಣು ಎಂದೇ ಹೇಳಿರಬೇಕು. ಅವನು ಅಡಿಗೆಮನೆಗೆ ಹೋದ, ನೀರು ಕುಡಿಯದೆ ಬಂದ. ಹಿತ್ತಲಿಗೆ ಹೋದ. ಅಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ಈ ಮನೆಯಲ್ಲಿ ಎಲ್ಲಿ ನಿಂತರೂ ತಾನು ಯಾರಿಗೋ ಕಾಯುತ್ತಿರುವವನ ಹಾಗೆ ಕಾಣುತ್ತೇನೆ ಎಂದು ಅವನಿಗೆ ಹಿಂದೆಯೂ ಅನಿಸಿತ್ತು. ಮಂಜುಳಾ ಮಗಳ ತಲೆ ಬಾಚುವಾಗ ಇಬ್ಬರೂ ಏನೋ ಮಾತಾಡಿ ನಗುತ್ತಿದ್ದರು. ಅವನು ಹೋದರೆ ಸುಮ್ಮನಾಗುತ್ತಿದ್ದರು. ಆರು ವಾರ ಆ ಜಾಗ ಅವನ ಕೈಗೆ ಬಂದಿತ್ತು. ಅವನು ಅಲ್ಲಿ ಕೂರಲೇ ಇಲ್ಲ.

ಮೂರೂವರೆಗೇ ಬಸ್‌ಸ್ಟ್ಯಾಂಡಿಗೆ ಹೋದ. ದಾರಿಯಲ್ಲಿ ಮಾತನ್ನು ಕಟ್ಟಿಕೊಂಡ. ಮಂಜುಳಾ, ನಾ ಬಾಚಿಲ್ಲ. ಮನಿಗೆ ಹೋಗಿ ನೀ ಅವ್ವಗ ಹೇಳು. ಇಲ್ಲ, ನಾನ ಹೇಳ್ತೇನಿ. ಬೆಂಚಿನ ಮೇಲೆ ಕೂತ, ಎದ್ದ, ಬಸ್ಸಿನ ಬೋರ್ಡುಗಳನ್ನೆಲ್ಲ ಎರಡೆರಡು ಸಲ ಓದಿದ. ಹಾನಗಲ್ಲಿನ ಕಡೆಯಿಂದ ಬಸ್ಸು ಬಂತು. ಮಂಜುಳಾ ಇಳಿದಳು. ಕಣ್ಣಿನ ಸುತ್ತ ಕಪ್ಪಾಗಿತ್ತು. ಆರು ವಾರ ಅವಳೂ ಸರಿಯಾಗಿ ಮಲಗಿರಲಿಲ್ಲ.

"ಅಂಕಿತಾನ್ನ ಕರಕೊಂಡ ಬರಲಿಲ್ಲ?"

"ಅವ್ವ ಬಂದಾಳ," ಎಂದ ಚನ್ನೇಶ.

"ಅತ್ತಿ ಬಂದಾರ? ಛಲೋ ಆತ ಬಿಡ್ರಿ."

ಯಾವ ಅವ್ವ ಎಂದು ಅವನು ಹೇಳಲಿಲ್ಲ. ಬ್ಯಾಗು ಹಿಡಿದು ಮುಂದೆ ನಡೆದ. ಮನೆ ಹತ್ತು ನಿಮಿಷದ ದಾರಿ. ಅವಳು ತಾಯಿಯ ಸೊಂಟದ ಬಗ್ಗೆ ಹೇಳುತ್ತ ಬಂದಳು. ಅವನು ಹೂಂಗುಟ್ಟುತ್ತ ಬಂದ.

ಮನೆಯೊಳಗೆ ಊದಿನಕಡ್ಡಿಯ ಹೊಗೆ ತುಂಬಿತ್ತು. ಅಂಕಿತಾ ಮಣೆಯ ಮೇಲೇ ಇದ್ದಳು. ಮಡಿಲಲ್ಲಿ ಎರಡು ಬಾಳೆಹಣ್ಣು, ಯಾರೋ ಇಟ್ಟ ಕುಬಸದ ಅರಿವೆ. ಎದ್ದು ತಾಯಿಯತ್ತ ಓಡಹೊರಟವಳನ್ನು ಸಿದ್ದವ್ವ ಭುಜ ಹಿಡಿದು ಕೂರಿಸಿದಳು. ಮಂಜುಳಾ ನಿಂತಲ್ಲೇ ನಿಂತಳು. ಆಮೇಲೆ ಮಗಳ ಹಿಂದೆ ಹೋಗಿ ಕೂದಲೆತ್ತಿದಳು.

"ಮುಟ್ಟಬ್ಯಾಡ," ಸಿದ್ದವ್ವ ಅವಳ ಕೈ ಹಿಡಿದಳು. "ಜಡಿ ಅದು."

"ಅತ್ತೀ, ಬಾಚದಿದ್ರ ಹಿಂಗ ಆಕ್ಕೈತ್ರಿ. ನಾ ಬಿಡಸ್ತೇನಿ. ಎರಡ ತಾಸು ಹಿಡೀಬಹುದು, ಅಷ್ಟ."

"ಬಾಚದಿದ್ರ ಆಕ್ಕೈತಿ. ನಿನ್ನ ಗಂಡನೂ ಇದನ್ನ ಹೇಳಿದ್ದ." ಸಿದ್ದವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ಹ್ವಾದ ವರ್ಷ ನಮ್ಮೂರಾಗ ಕಾಲೇಜ ಹುಡುಗರ ಕ್ಯಾಂಪ ಇತ್ತಲ್ಲ, ಮೈಕ ಹಿಡದು ಹೇಳಿದ್ದ. ಬಾಚದ ಕೂದಲಕ್ಕ ಗಂಟ ಬೀಳತೈತಿ, ಅದ ಜಡಿ, ದೇವ್ರೂ ಅಲ್ಲ ದೆವ್ವಾನೂ ಅಲ್ಲ ಅಂತ. ನಾ ಮುಂದ ಕುಂತು ಕೇಳೇನಿ. ಖರೇ ಇರಬೇಕು. ಕಲತಾಂವ ಹೇಳ್ಯಾನ. ಈಗ ಅವನ್ನ ಕೇಳು, ಬಾಚ್ಯಾನೋ ಇಲ್ಲೋ."

ಮಂಜುಳಾ ತಿರುಗಿದಳು. ನಾಗವ್ವ ತಿರುಗಿದಳು. ಅಂಕಿತಾ ಕೂಡ ಕತ್ತು ಹೊರಳಿಸಿ ಅಪ್ಪನನ್ನು ನೋಡಿದಳು.

"ಹೇಳ್ರಿ. ದಿನಾ ಬಾಚೀರಿಲ್ಲೋ?" ಮಂಜುಳಾ ಕೇಳಿದಳು. ಅವಳ ಕಣ್ಣು 'ಇಲ್ಲ ಅನ್ರಿ' ಎಂದು ಬೇಡಿಕೊಳ್ಳುತ್ತಿರುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. ಅವಳಿಗೆ ಗಂಡ ಸುಳ್ಳುಗಾರನಾದರೂ ನಡೆಯುತ್ತಿತ್ತು. ಬಸ್ಸಿಗೆ ಕಾಯುತ್ತ ಕಟ್ಟಿದ ಮಾತು ಅವನ ಬಾಯಲ್ಲೇ ಇತ್ತು. ಓಣಿಯ ಮೂವರು ಹೆಂಗಸರು, ತಾಯಿ, ಗೋಡೆಯ ಮೇಲೆ ಚೌಕಟ್ಟು ಹಾಕಿಸಿದ ತನ್ನ ಎಂ.ಎಸ್ಸಿ. ಫೋಟೋ. ಎಲ್ಲವೂ ಅವನನ್ನೇ ನೋಡುತ್ತಿದ್ದವು.

"ಬಾಚೇನಿ," ಎಂದ ಚನ್ನೇಶ. ಸಾಲದೆಂಬಂತೆ, "ದಿನಾ ಬಾಚೇನಿ."

"ಉಧೋ ಉಧೋ," ಎಂದಳು ನಾಗವ್ವ.

"ನೋಡಿದೇನು?" ಸಿದ್ದವ್ವ ಕಣ್ಣೊರೆಸಿಕೊಂಡಳು. "ದಿನಾ ಬಾಚಿದ್ರೂ ಬಂದಾಳ."

ಅಂಕಿತಾ ಬಾಯಿ ತೆರೆದಳು. ಅವಳು ಈಗ ಹೇಳಿಬಿಡುತ್ತಾಳೆ, ಹೇಳಲಿ, ಎಂದು ಅವನು ಕಣ್ಣು ಮುಚ್ಚಿದ. ಅವಳು ಹೇಳಲಿಲ್ಲ. ಆರು ವಾರ ಕಾಪಾಡಿದ ಗುಟ್ಟನ್ನು ಅಪ್ಪನೇ ಇನ್ನೂ ಕಾಪಾಡುತ್ತಿರುವಾಗ ಅವಳು ಹೇಗೆ ಹೇಳಿಯಾಳು? ಮಂಜುಳಾ ಮಗಳ ಕೂದಲನ್ನು ಮೆಲ್ಲಗೆ ಬಿಟ್ಟಳು. ಸೆರಗಿಗೆ ಕೈ ಒರೆಸಿಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ನಾಗವ್ವ ಹೇಳಿಕೊಟ್ಟಂತೆ ನೆಲಕ್ಕೆ ಹಣೆ ಮುಟ್ಟಿಸಿ, ಮುಖ ಎತ್ತದೆಯೇ ಎದ್ದು ಗೋಡೆಗೆ ಒರಗಿ ನಿಂತಳು.

"ಚನ್ನೇಶಾ, ನೀನೂ," ಎಂದಳು ಸಿದ್ದವ್ವ.

ಅವನು ಮಂಡಿಯೂರಿದ. ಎದುರಿಗೆ ಮಗಳ ಎರಡು ಪಾದ. ಬಲಗಾಲಿನ ಹೆಬ್ಬೆರಳಿಗೆ ಸಾಲೆಯಲ್ಲಿ ಎಡವಿದ ಗಾಯ, ಮಾಯುತ್ತ ಬಂದಿತ್ತು. ಅದು ಯಾವಾಗ ಆಯಿತೆಂದು ಅವನಿಗೆ ಗೊತ್ತಿರಲಿಲ್ಲ. ಅವನು ಕೈ ಜೋಡಿಸಿ ಬಾಗಿದ. ಅಂಕಿತಾ ಬಾಗಿ ಅವನ ಕಿವಿಯ ಹತ್ತಿರ ಬಾಯಿ ತಂದಳು. ಹರಸುತ್ತಿದ್ದಾಳೆಂದು ಹೆಂಗಸರು ಸುಮ್ಮನಾದರು.

"ಅಪ್ಪಾ, ಒಳಗ ಕಡಿಯಾಕತ್ತೈತಿ," ಎಂದು ಅವಳು ಪಿಸುಗುಟ್ಟಿದಳು. "ಆಯಿ ನಂಗ ಮುಟ್ಟಬ್ಯಾಡ ಅಂದಾಳ. ನೀ ಒಂದೀಟ ತುರಸು."

ಅವನು ತಲೆ ಎತ್ತಲಿಲ್ಲ.

"ಅಪ್ಪಾ."

ಭಂಡಾರ ಬೆರೆತ ಎಣ್ಣೆ ಅವಳ ಕುತ್ತಿಗೆಯಿಂದ ತೊಟ್ಟಿಕ್ಕಿ ಅವನ ಬೆರಳುಗಳ ಮೇಲೆ ಬಿತ್ತು. ಬೆಚ್ಚಗಿತ್ತು. ಅವನ ಎರಡೂ ಕೈ ಮುಗಿದೇ ಇದ್ದವು.