ಸೆರೆಕೋಣೆಯಲ್ಲಿ ಸಂಸಾರ

ಸೈನ್ಯ ಜಾಗ ಖಾಲಿ ಮಾಡಿದ ಮೇಲೆ ಆ ನೆಲೆ ನಿಧಾನಕ್ಕೆ ಊರಾಗತೊಡಗಿತು. ಪೆರೇಡ್ ಮೈದಾನದಲ್ಲಿ ತರಕಾರಿ ಮಾರುಕಟ್ಟೆ ಬಂತು. ಮದ್ದುಗುಂಡಿನ ಗೋದಾಮಿಗೆ ಸುಣ್ಣ ಬಳಿದು ಶಾಲೆ ಮಾಡಿದರು. ಉಳಿದ ಕಟ್ಟಡಗಳನ್ನು ಮನೆಗಳಾಗಿ ವಿಂಗಡಿಸಿ, ಚೀಟಿ ಎತ್ತಿ ಹಂಚಿದರು.

ಇಸ್ತ್ರಿ ಅಂಗಡಿಯವಳಿಗೂ ಅವಳ ತಮ್ಮನಿಗೂ ಸಿಕ್ಕಿದ್ದು ಬೇಲಿ ಪಕ್ಕದ ಒಂಟಿ ಕಟ್ಟಡ. ಬೀಗದ ಕೈ ಹಿಡಿದು ಬಾಗಿಲವರೆಗೆ ಬಂದವಳಿಗೆ ಕಾಲು ಮುಂದೆ ಹೋಗಲಿಲ್ಲ. ಅದು ಸೈನ್ಯದ ಸೆರೆಕೋಣೆಯಾಗಿತ್ತು.

ತಮ್ಮ ಇಲ್ಲೇ ಸಿಪಾಯಿಯಾಗಿದ್ದ. ತರಬೇತಿಯಲ್ಲಿ ಗೆಳೆಯನೊಬ್ಬ ಗುಂಡು ತಗುಲಿ ಸತ್ತಾಗ ಬೇಲಿ ಹಾರಿ ಮನೆಗೆ ಓಡಿಬಂದಿದ್ದ. ಹಿಡಿದು ತಂದು ಮಳೆಗಾಲ ಪೂರ್ತಿ ಇಲ್ಲಿ ಕೂಡಿಹಾಕಿದ್ದರು. ಹೊರಬಂದವನು ನಲ್ಲಿ ರಿಪೇರಿ ಕೆಲಸ ಕಲಿತ. ಕೇಳಿದ್ದಕ್ಕಷ್ಟೇ ಉತ್ತರ ಕೊಡುವವನಾದ.

ಬೀಗದ ಕೈಯನ್ನು ತಮ್ಮನಿಗೆ ಕೊಟ್ಟು, ಅಕ್ಕ ಸೀದಾ ಮನೆ ಹಂಚಿದ ಕಚೇರಿಗೆ ಹೋದಳು.

“ನೀರು ಬರಲ್ವಾ?” ಗುಮಾಸ್ತ ಕೇಳಿದ.

“ಬರುತ್ತೆ ಸ್ವಾಮಿ.”

“ಗಾಳಿ, ಬೆಳಕು?”

“ಇದೆ.”

“ಮತ್ತೇನಮ್ಮಾ ತಕರಾರು?”

ಅವಳ ಮುಖ ನೋಡಿ ಅವನೇ ಮೆತ್ತಗಾದ. “ಆಸ್ಪತ್ರೆ ಹಿಂದಿನ ಮನೆಯವರೂ ಬದಲಾಯಿಸಿ ಕೊಡಿ ಅಂತ ಕೂತಿದ್ದಾರೆ. ಬೇಕಿದ್ರೆ ಅದನ್ನ ತಗೊಳ್ಳಿ. ದೊಡ್ಡದಾಗಿದೆ, ಬೇಸಿಗೇಲೂ ತಂಪು.”

ಮನೆಗೆ ಬಂದಾಗ ತಮ್ಮ ಅಡುಗೆ ಕಟ್ಟೆಯ ಪಕ್ಕ ಕೂತು ಪೈಪು ಜೋಡಿಸುತ್ತಿದ್ದ. ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು.

“ಆಸ್ಪತ್ರೆ ಹಿಂದಿಂದಾ?” ಅವನ ಕೈ ನಿಂತಿತು. “ಅದು ಹೆಣ ಇಡ್ತಿದ್ದ ಕೋಣೆ ಅಕ್ಕ. ಗುಂಡು ತಗುಲಿದ ಗೆಳೆಯನನ್ನ ಅಲ್ಲೇ ಮಲಗಿಸಿದ್ರು. ನಾನೇ ಹೊತ್ಕೊಂಡು ಹೋಗಿದ್ದು.”

ಅವಳು ಕಚೇರಿ ಇದ್ದ ದಿಕ್ಕಿಗೆ ಕೈ ಬೀಸಿದಳು. “ತಂಪಾಗಿದೆ ಅಂದ್ನಲ್ಲೋ, ಹಾಳಾದವನು!”

ತಮ್ಮನಿಗೆ ನಗು ಬಂತು. ಎಷ್ಟೋ ವರ್ಷದ ಮೇಲೆ ಕೇಳಿದ ನಗು. ಆದರೂ ಅವಳಿಗೆ ಸಂತೋಷವಾಗಲಿಲ್ಲ, ಬೇರೆ ಯಾರೋ ನಕ್ಕಂತಾಯಿತು.

“ಇಲ್ಲಿ ನಿನಗೆ ಏನೂ ಅನ್ಸಲ್ವೇನೋ?”

“ಅನ್ಸುತ್ತೆ ಅಂತ ಬೆಳಿಗ್ಗೆಯಿಂದ ಕಾದೆ. ಏನೂ ಇಲ್ಲ. ಗೋಡೆ ಗೋಡೆ ಥರಾನೇ ಇದೆ.” ಅವನು ಮತ್ತೆ ಪೈಪಿನ ಕಡೆ ತಿರುಗಿದ. “ಇಲ್ಲೇ ಇರೋಣ ಬಿಡು.”

ಊಟವಾದ ಮೇಲೆ ಅವನು ಬಾಗಿಲ ಹೊರಗಿದ್ದ ಕಬ್ಬಿಣದ ಚಿಲಕವನ್ನು ಬಿಚ್ಚಿ ಒಳಗಡೆ ಕೂರಿಸಿದ. ಬಾಗಿಲು ಮುಚ್ಚಿ, ಹಾಕಿ ತೆಗೆದು ನೋಡಿದ. ಬಿಗಿಯಾಗಿತ್ತು, ಸ್ವಲ್ಪ ಎಣ್ಣೆ ಬಿಟ್ಟ. ಆಮೇಲೆ ಚೀಲ ಹೆಗಲಿಗೇರಿಸಿ, ಶಾಲೆಯ ನಲ್ಲಿ ಸೋರುತ್ತಿದೆಯಂತೆ ಎಂದು ಹೊರಟುಹೋದ.

ಅಕ್ಕ ಅಳು ಬರಬಹುದೆಂದು ಸ್ವಲ್ಪ ಹೊತ್ತು ಕೂತಳು. ಬರಲಿಲ್ಲ. ಪಾತ್ರೆ ತೊಳೆದಿಟ್ಟು, ಎರಡು ಕಿಟಕಿಗಳ ಸರಳಿಗೆ ಹಗ್ಗ ಕಟ್ಟಿ, ಒದ್ದೆ ಬಟ್ಟೆ ಹರವಿದಳು.