ಎಡಗೆನ್ನೆಯ ಗಾಳಿ

ಬಾಡಿಗೆಯನ್ನು ಮತ್ತೆ ಏರಿಸುವುದಾಗಿ ಕಡಲ ದಡದ ಮನೆಯ ಮಾಲೀಕ ಹೇಳಿಹೋದ ಮೇಲೆ, ಗಂಡಹೆಂಡಿರಲ್ಲಿ ಬೇರೆ ಮನೆ ಹುಡುಕಿದವನು ಗಂಡನೊಬ್ಬನೇ. ಬದುಕಿಡೀ ಪರರ ಮನೆಗಳಿಗೆ ನಕ್ಷೆ ಬರೆದ ಕೈ ಅವನದು. ಒಳನಾಡಿನ ಬಡಾವಣೆಯ ಆ ಮನೆಯನ್ನು ಕಾಗದದ ಮೇಲೆ ಕಂಡೊಡನೆ ಮನಸ್ಸು ಅಲ್ಲಿಯೇ ಕೂತುಬಿಟ್ಟಿತು. ಮೆಟ್ಟಿಲುಗಳಿಲ್ಲ, ಕೋಣೆಕೋಣೆಗೂ ಅಗಲವಾದ ಕಿಟಕಿ, ಅಡಿಗೋಲಿಟ್ಟು ಎಳೆದಂತಹ ನೇರ ರಸ್ತೆಗಳು. ಬಾಡಿಗೆಯೂ ಅವನ ಪಿಂಚಣಿಗೆ ಎಟಕುವಂಥದು.

"ತುಂಬಾ ಬೆಳಕು ಕಣೇ," ಎಂದು ಹೆಂಡತಿಗೆ ಹೇಳಿ, ತಕ್ಷಣ ನಾಲಿಗೆ ಕಚ್ಚಿಕೊಂಡ. ಅವಳ ಕಣ್ಣು ಮಂಜಾಗುತ್ತ ಬಂದು ವರ್ಷಗಳೇ ಸಂದಿದ್ದವು. ಹಗಲಿಗೂ ಇರುಳಿಗೂ ಇರುವ ಭೇದವಷ್ಟೇ ಈಗ ಉಳಿದದ್ದು.

"ಒಳ್ಳೇದಾಯ್ತು ಬಿಡಿ. ಅಷ್ಟು ಬೆಳಕಲ್ಲಿ ನಿಮ್ಮ ಮುಖ ನೋಡೋ ಕಷ್ಟ ನನಗಂತೂ ಇಲ್ಲ," ಎಂದು ನಕ್ಕಳು. ಆಮೇಲೆ ಕೇಳಿದ್ದು ಒಂದೇ ಮಾತು: "ಅಲ್ಲಿ ಗಾಳಿ ಯಾವ ಕಡೆಯಿಂದ ಬರುತ್ತೆ ರೀ?"

"ಎಲ್ಲಾ ಕಡೆಯಿಂದಲೂ! ಅಷ್ಟೊಂದು ಕಿಟಕಿ ಇದೆ."

ಅವಳು ಎದ್ದು ಬಟ್ಟೆ ಮಡಿಸತೊಡಗಿದಳು. ಅದನ್ನು ಅವನು ಒಪ್ಪಿಗೆಯೆಂದು ಓದಿಕೊಂಡ.

ಕಡಲ ಬದಿಯಲ್ಲಿದ್ದಾಗ ದಿನವೂ ಅವಳು ಒಬ್ಬಳೇ ಮಾರುಕಟ್ಟೆಗೆ ಹೋಗುತ್ತಿದ್ದಳು. ತರಕಾರಿಯವಳೊಡನೆ ಟೊಮೆಟೊಗಳ ಬಗ್ಗೆ ಜಗಳವಾಡಿ, ಗೆದ್ದ ಗತ್ತಿನಲ್ಲಿ ಮರಳುತ್ತಿದ್ದಳು. ಹೇಗೆ ಹೋಗುತ್ತಾಳೆ, ಹೇಗೆ ಬರುತ್ತಾಳೆ ಎಂದು ಅವನು ವಿಚಾರಿಸಿದವನಲ್ಲ. ಹೊತ್ತು ಮೂಡುವುದನ್ನು ಯಾರಾದರೂ ವಿಚಾರಿಸುತ್ತಾರೆಯೆ?

ಹೊಸ ಮನೆಗೆ ಬಂದು ಪೆಟ್ಟಿಗೆಗಳನ್ನು ಬಿಚ್ಚುವ ಮೊದಲೇ ಅವಳು ಚೀಲ ಹಿಡಿದು ಹೊರಟಳು. ಬಹಳ ಹೊತ್ತಿನ ಮೇಲೆ, ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು ಅವಳನ್ನು ಕರೆತಂದು ಬಿಟ್ಟಳು.

"ಹಿಂದಿನ ಬೀದೀಲಿ ಯಾರದೋ ಬಾಗಿಲಿಗೆ ಬೀಗದಕೈ ತಿರುಗಿಸ್ತಾ ನಿಂತಿದ್ರು. ಒಳಗಿನವರು ಕಳ್ಳ ಅಂತ ಕೋಲು ಹಿಡ್ಕೊಂಡು ಬಂದ್ರಂತೆ!"

"ಕಳ್ಳಿಯ ವಯಸ್ಸು ನೋಡಿ ಅವರೇ ನಾಚಿಕೊಂಡರು ಕಣಮ್ಮ," ಎಂದು ಹೆಂಡತಿ ನಕ್ಕಳು. ನೆರೆಯವಳು ಹೋದ ಮೇಲೆ ನಗು ನಿಂತಿತು. ಕೈಯಲ್ಲಿದ್ದ ಚೀಲ ಖಾಲಿಯಾಗಿತ್ತು.

"ಅಲ್ಲಿ ದಾರಿ ತಪ್ಪದವಳು ಇಲ್ಲಿ ಹೇಗೆ ತಪ್ಪಿದೆ? ನೇರ ರಸ್ತೆ ಅಲ್ಲವೇನೇ?"

"ಅಲ್ಲಿ ಹೋಗೋವಾಗ ಸಮುದ್ರದ ಗಾಳಿ ಎಡಗೆನ್ನೆಗೆ, ಬರೋವಾಗ ಬಲಗೆನ್ನೆಗೆ. ಅಲೆ ಸದ್ದು ಎಲ್ಲಿ ಕಮ್ಮಿಯಾಗುತ್ತೋ ಅಲ್ಲೇ ತಿರುವು." ಖಾಲಿ ಚೀಲವನ್ನು ಮಡಿಸುತ್ತ ಹೇಳಿದಳು: "ಇಲ್ಲಿ ಗಾಳಿಗೇ ದಾರಿ ಗೊತ್ತಿಲ್ಲ. ಪಾಪ, ಅದೂ ಹೊಸದಾಗಿ ಬಂದಿರಬೇಕು."

ಗಾಳಿ ಯಾವ ಕಡೆಯಿಂದ ಎಂದು ಅವಳು ಅಂದು ಕೇಳಿದ್ದು ಸೆಕೆಯ ಚಿಂತೆಯಿಂದಲ್ಲವೆಂದು ಅವನಿಗೆ ಈಗ ಹೊಳೆಯಿತು.

ಮರುದಿನ ರಟ್ಟಿನ ಮೇಲೆ ದಪ್ಪ ದಾರವನ್ನು ಅಂಟಿಸಿ, ಬೆರಳಿಗೆ ಸಿಗುವಂತೆ ಬಡಾವಣೆಯ ನಕ್ಷೆ ಮಾಡಿದ; ಅಂಗಡಿಗೊಂದು, ಮನೆಗೊಂದು ಗುಂಡಿ ಅಂಟಿಸಿದ. ಇಷ್ಟು ಶ್ರದ್ಧೆಯಿಂದ ಅವನು ಯಾವ ಮನೆಗೂ ಗೆರೆ ಎಳೆದವನಲ್ಲ. ಅವಳು ತಾಳ್ಮೆಯಿಂದ ಇಡೀ ನಕ್ಷೆಯನ್ನು ತಡವಿದಳು.

"ಚೆನ್ನಾಗಿದೆ. ಆದ್ರೆ ಬೀದೀಲಿ ನಿಂತಾಗ ನಾನು ಈ ದಾರದ ಮೇಲೆ ಎಲ್ಲಿದ್ದೀನಿ ಅಂತ ಯಾರು ಹೇಳ್ತಾರೆ ರೀ?"

ಅವನು ರಟ್ಟನ್ನು ಪಕ್ಕಕ್ಕೆ ಸರಿಸಿದ.

"ವಾಪಸ್ ಹೋಗಿಬಿಡೋಣ."

"ಎಲ್ಲಿಗೆ? ಆ ಮನೇಲಿ ಆಗಲೇ ಬೇರೆ ಯಾರದೋ ಬಟ್ಟೆ ಒಣಗ್ತಿರುತ್ತೆ. ದುಡ್ಡು ಎಲ್ಲಿದೆ? ಸುಮ್ನಿರಿ."

ಕೆಲವು ದಿನ ಅವಳು ಹೊರಗೆ ಕಾಲಿಡಲಿಲ್ಲ. ಅವನು ತಂದ ಟೊಮೆಟೊಗಳನ್ನು ಒಂದೊಂದಾಗಿ ಒತ್ತಿ ನೋಡಿ ಬುಟ್ಟಿಗೆ ಹಾಕುತ್ತಿದ್ದಳು. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಆಮೇಲೊಂದು ಬೆಳಿಗ್ಗೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು, "ನಡೀರಿ," ಎಂದು ಅವನ ಮೊಣಕೈ ಹಿಡಿದಳು. ಇಷ್ಟು ವರ್ಷಗಳ ದಾಂಪತ್ಯದಲ್ಲಿ ಬೀದಿಯಲ್ಲಿ ಅವಳು ಅವನನ್ನು ಹಿಡಿದದ್ದು ಅದೇ ಮೊದಲು.

ಹೊಲಿಗೆಯ ಹೆಂಗಸು ಕಿಟಕಿಯಿಂದ ಕೂಗಿದಳು: "ಅಬ್ಬಾ, ಜೋಡಿ ನೋಡೋಕೆ ಎಷ್ಟು ಚೆಂದ! ನಮ್ಮನೆಯವರು ಒಂದು ದಿನನಾದ್ರೂ ಹೀಗೆ ಕೈಹಿಡಿದು ಕರ್ಕೊಂಡು ಹೋಗಿದ್ದುಂಟಾ?"

"ಇವರನ್ನೇ ಕರ್ಕೊಂಡು ಹೋಗು ತಾಯಿ! ನಾನು ಒಬ್ಬಳೇ ಹೋಗಿಬರ್ತೀನಿ."

ಆ ಹೆಂಗಸು ಬಿದ್ದುಬಿದ್ದು ನಕ್ಕಳು. ಅವನೂ ನಗಲು ನೋಡಿದ. ಹೆಂಡತಿಯ ಮುಖದಲ್ಲಿ ತುಂಟತನ ಇನ್ನೂ ಇತ್ತು; ಅವನ ಮೊಣಕೈ ಮೇಲಿನ ಬೆರಳುಗಳು ಮಾತ್ರ ಒಂದಿಷ್ಟೂ ಸಡಿಲವಾಗಲಿಲ್ಲ.